ಮೊಂಡನ ಒಂದೇ ಜೀವ

ಮೊಂಡನಿಗೆ ಆರು ವರ್ಷ ತುಂಬಿತ್ತು. ಮೊಂಡ ಎಂದರೆ ಮನುಷ್ಯನಲ್ಲ, ವಿಡಿಯೋ ಆಟದಲ್ಲಿ, ಟಿವಿ ಪರದೆಯ ಮೇಲೆ ಗುರಾಣಿ ಹಿಡಿದು ಓಡಾಡುವ ಬೊಂಬೆ. ಅವನನ್ನು ಆಡಿಸುತ್ತಿದ್ದವನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷದಿಂದ ಇಸ್ತ್ರಿ ಯಂತ್ರದ ಮುಂದೆ ನಿಂತು ಸವೆದವನು. ಅಲ್ಲಿ ಎಲ್ಲರ ಬಾಯಲ್ಲೂ ಇಸ್ತ್ರಿಯಣ್ಣ. ಆ ಆಟವನ್ನು ಎರಡು ಬಗೆಯಲ್ಲಿ ಆಡಬಹುದಿತ್ತು. ಒಂದರಲ್ಲಿ ಸತ್ತರೂ ಎದ್ದು ಬರಬಹುದು. ಇನ್ನೊಂದರಲ್ಲಿ ಒಂದೇ ಜೀವ. ಸತ್ತರೆ ಮುಗಿಯಿತು, ಗಳಿಸಿದ ಕತ್ತಿ, ಕವಚ, ಹೆಸರು ಎಲ್ಲವೂ ಮಣ್ಣುಪಾಲು. ಇಸ್ತ್ರಿಯಣ್ಣ ಮೊದಲ ದಿನ ಗೊತ್ತಿಲ್ಲದೆ ಎರಡನೆಯದನ್ನು ಒತ್ತಿಬಿಟ್ಟಿದ್ದ. ಒತ್ತಿದ ಮೇಲೆ ಹಿಂದೆ ಸರಿಯುವ ಜಾಯಮಾನ ಅವನದಲ್ಲ.

ಅವನ ಕೈಗೆ ಆಟ ಬಂದದ್ದೂ ಒಂದು ಫಜೀತಿಯಿಂದಲೇ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆ ಸೇರಿದವನು ಅದೇ ವರ್ಷ ಒದ್ದೆ ಚಾದರದ ಮೂಟೆ ಎತ್ತಲು ಹೋಗಿ ಭುಜ ಉಳುಕಿಸಿಕೊಂಡು ಆರು ವಾರ ಮನೆಯಲ್ಲಿ ಕೂತ. ಮಗಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಬೆಳಗಾದರೆ ಹೊರಟುಬಿಡುತ್ತಿದ್ದಳು. ಅಳಿಯ ಕನ್ನಡಕದ ಅಂಗಡಿಗೆ ಗಾಜು ಉಜ್ಜಿಕೊಡುವವನು, ಆಗ ಕೆಲಸ ಕಡಿಮೆ, ಮನೆಯಲ್ಲೇ ಇರುತ್ತಿದ್ದ. ಮಾವ, ಅಳಿಯ ಇಬ್ಬರೇ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಗೋಡೆ ನೋಡುವುದು ಎಷ್ಟು ದಿನ ಸಾಧ್ಯ? ನಾಲ್ಕನೆಯ ದಿನ ಅಳಿಯ ತನ್ನ ಆಟದ ಎರಡನೆಯ ಕಂಟ್ರೋಲರನ್ನು ಅಂಗಿಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು, "ಮಾವ, ಬೇಜಾರಿಲ್ಲ ಅಂದ್ರೆ ನೀವೂ ಒಂದ್ಸಲ ನೋಡ್ತೀರಾ?" ಎಂದು ಮುಂದೆ ಚಾಚಿದ್ದ.

ಅಂದಿನಿಂದ ಭಾನುವಾರಗಳು ಹಾಗೆಯೇ ಕಳೆದವು. ಮೊಂಡ ಗುರಾಣಿ ಒಡ್ಡಿ ಮುಂದೆ ನಿಲ್ಲುವುದು, ಅಳಿಯನ ಬಿಲ್ಲುಗಾರ ಹಿಂದಿನಿಂದ ಬಾಣ ಬಿಡುವುದು. ಬೀದಿಯಲ್ಲಿ ಮಾವನಿಗಿಂತ ಒಂದು ಹೆಜ್ಜೆ ಹಿಂದೆ ನಡೆಯುವ ಅಳಿಯ ಆಟದಲ್ಲೂ ಒಂದು ಹೆಜ್ಜೆ ಹಿಂದೆಯೇ. ಸತ್ತ ರಾಕ್ಷಸನ ಬಳಿ ಬಿದ್ದ ಬೂಟನ್ನು ಹೆಕ್ಕುವುದಕ್ಕೂ ಅಪ್ಪಣೆ ಬೇಕು. "ಮಾವ, ಈ ಬೂಟು ನಿಮಗೆ ಬೇಕಿತ್ತಾ?" "ನೀವೇ ತಗೊಳ್ಳಿ ಅಳಿಯಂದ್ರೆ." "ಇಲ್ಲ, ನಿಮಗಾದ್ರೆ ಗಟ್ಟಿಯಾಗಿದೆ." ಬೂಟು ಅಲ್ಲೇ ಬಿದ್ದಿರುತ್ತಿತ್ತು. ಬಾಗಿಲಲ್ಲಿ ನಿಂತು ಇದನ್ನು ಕೇಳುತ್ತಿದ್ದ ಮಗಳು ಒಮ್ಮೆ ಹೇಳಿದ್ದಳು, "ನೀವಿಬ್ರೂ ಸೇರಿ ಆ ರಾಕ್ಷಸನಿಗೂ ಬನ್ನಿ, ಕೂತ್ಕೊಳ್ಳಿ ಅಂತೀರೇನೋ."

ಎರಡು ವರ್ಷ ಕಾಯಿಸಿ ಆಟದವರು ಅದಕ್ಕೊಂದು ಹೊಸ ಭಾಗ ಬಿಟ್ಟರು. ಮನೆಯಲ್ಲಿ ಅದಕ್ಕೆ ಹೊಸ ಸೀಮೆ ಎಂದು ಹೆಸರು. ನೀರು ಬತ್ತಿಹೋದ ಕಡಲ ತಳವಂತೆ, ಒಡೆದ ಹಡಗುಗಳಂತೆ, ಹೊಸ ಹೊಸ ಮೃಗಗಳಂತೆ. ಅಳಿಯ ಆ ವಾರವೆಲ್ಲ ಗಾಜು ಉಜ್ಜುತ್ತಲೇ ಅದರ ಕನಸು ಕಂಡ. ಇಸ್ತ್ರಿಯಣ್ಣನಿಗೆ ಮಾತ್ರ ಒಳಗೊಳಗೇ ಅಳುಕು. ಹಳೆಯ ಸೀಮೆಯ ಮೂಲೆಮೂಲೆಯೂ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಹೊಸದರಲ್ಲಿ ಯಾವುದು ಎಲ್ಲಿಂದ ಎರಗುತ್ತದೋ, ಯಾರು ಬಲ್ಲರು. ಶನಿವಾರ ಸಂಜೆ ಮಗಳು ಅಪ್ಪನ ಮುಖ ನೋಡಿಯೇ ಹೇಳಿದಳು.

"ಅಷ್ಟು ಭಯ ಇದ್ರೆ ಮೊಂಡನ್ನ ಹಳೇ ಊರಲ್ಲೇ ಇಟ್ಬಿಡಿ ಅಪ್ಪಾ. ನೆಮ್ಮದಿಯಾಗಿ ಬದುಕ್ಕೊಂಡಿರ್ಲಿ. ಹೊಸದಕ್ಕೆ ಹೊಸಬನ್ನ ಮಾಡ್ಕೊಳ್ಳಿ."

"ಮೂಲೇಲಿ ಕೂರ್ಸೋಕೆ ಅವನೇನು ಹರಿದ ಚಾದರಾನಾ?" ಎಂದ ಇಸ್ತ್ರಿಯಣ್ಣ. ಮಾತು ಬಿಗಿಯಾಗಿ ಬಂತು. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ಆರು ವರ್ಷದಲ್ಲಿ ಅವನು ಕಾಪಾಡಿಕೊಳ್ಳಲಾಗದೆ ಹೋದದ್ದು ಬಹಳ ಇತ್ತು. ಭುಜದ ಬಲ ಹೋಗಿತ್ತು, ಎರಡು ಹಲ್ಲು ಹೋಗಿದ್ದವು, ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಗೀರು ಬೀಳದೆ ಉಳಿದದ್ದು ಮೊಂಡನೊಬ್ಬ.

ಆ ವಾರ ಕೆಲಸವೂ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಎರಡು ಇಸ್ತ್ರಿ ಯಂತ್ರಗಳಲ್ಲಿ ಒಂದು ಕೆಟ್ಟು ಮಲಗಿದ್ದರಿಂದ ಇಡೀ ಆಸ್ಪತ್ರೆಯ ಚಾದರ, ದಿಂಬಿನ ಚೀಲ, ಹಸಿರು ಗೌನು ಎಲ್ಲವೂ ಇನ್ನೊಂದರ ಮೇಲೆ. ಆ ಯಂತ್ರಕ್ಕೆ ಇಬ್ಬರು ಬೇಕು. ಒದ್ದೆ ಚಾದರದ ಎರಡು ತುದಿಯನ್ನು ಇಬ್ಬರೂ ಬಿಗಿಯಾಗಿ ಹಿಡಿದು, ಅಂಚನ್ನು ಕಾದ ಉರುಳೆಯ ಬಾಯಿಗೆ ಕೊಡಬೇಕು. ಉರುಳೆ ಬಟ್ಟೆಯನ್ನು ಕಚ್ಚಿದ ಕ್ಷಣ ಆಚೆ ತುದಿಯಲ್ಲಿರುವ ಹೆಂಗಸು "ಬಿಡು" ಎನ್ನುತ್ತಾಳೆ. ಅವಳ ಅಡ್ಡಹೆಸರು ಜಮಾದಾರಿಣಿ, ಯಾರಿಗೂ ಬಹುವಚನ ಕೊಟ್ಟವಳಲ್ಲ. ಅವಳು ಅಂದೊಡನೆ ಕೈ ಬಿಡಬೇಕು, ಇಲ್ಲವೆಂದರೆ ಬಟ್ಟೆಯ ಜೊತೆ ಬೆರಳೂ ಒಳಗೆ. ದಿನಕ್ಕೆ ಐದಾರು ನೂರು ಸಲ ಬಿಡು, ಬಿಡು, ಬಿಡು. ಶನಿವಾರದ ಹೊತ್ತಿಗೆ ಇಸ್ತ್ರಿಯಣ್ಣನ ಹೆಬ್ಬೆರಳುಗಳು ಬಟ್ಟೆ ಹಿಡಿದ ಆಕಾರದಲ್ಲೇ ಸೆಟೆದು ನಿಂತಿದ್ದವು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಅಳಿಯ ಕಿಟಕಿಯ ಪರದೆ ಎಳೆದು, ಮಾವನ ಬೆನ್ನಿಗೆ ದಿಂಬು ಕೊಟ್ಟು, ಆಟ ಶುರು ಮಾಡಿದ. ಮಗಳು ಬೆಳಗ್ಗೆಯೇ ಪಾಳಿಗೆ ಹೋಗಿದ್ದಳು, ಮನೆಯಲ್ಲಿ ಇಬ್ಬರೇ.

ಹೊಸ ಸೀಮೆ ಚೆನ್ನಾಗಿಯೇ ಇತ್ತು. ಬಿಳಿ ಉಪ್ಪಿನ ಬಯಲು, ಅದರಲ್ಲಿ ಮಗುಚಿ ಬಿದ್ದ ಹಡಗುಗಳ ಪಕ್ಕೆಲುಬು. ಆದರೆ ಮೊದಲ ಏಟಿಗೇ ಇಸ್ತ್ರಿಯಣ್ಣನಿಗೆ ಒಂದು ಪೆಟ್ಟು ಬಿತ್ತು. ದಾರಿಯಲ್ಲಿ ಸಿಕ್ಕ ಒಂದು ನರಪೇತಲ ಮೃಗ ಸಾಯುತ್ತ ಬೀಳಿಸಿಹೋದ ತುಕ್ಕು ಕತ್ತಿ, ಅವನು ಎರಡು ಚಳಿಗಾಲ ಬೆವರು ಸುರಿಸಿ ಗಳಿಸಿದ ಕತ್ತಿಗಿಂತ ಹರಿತವಾಗಿತ್ತು.

"ಇದೇನ್ರೀ ಇದು? ಬೀದೀಲಿ ಬಿದ್ದಿದ್ದು ನನ್ನದಕ್ಕಿಂತ ಮೇಲಾ?"

"ಹೊಸ ಸೀಮೆ ಅಲ್ವಾ ಮಾವ. ಹಳೇದಕ್ಕೆ ಇಲ್ಲಿ ಬೆಲೆ ಇಲ್ಲ. ಬದಲಾಯಿಸ್ಕೊಳ್ಳಿ."

ಇಸ್ತ್ರಿಯಣ್ಣ ಬದಲಾಯಿಸಿಕೊಂಡ. ಹಳೆಯ ಕತ್ತಿಯನ್ನು ಎಸೆಯದೆ ಚೀಲದ ತಳಕ್ಕೆ ಸೇರಿಸಿದ. ಅಷ್ಟು ಹೊತ್ತಿಗೇ ಕಣ್ಣು ಎಳೆಯುತ್ತಿತ್ತು. ಕೈಗೂ ಕಣ್ಣಿಗೂ ನಡುವೆ ಎಲ್ಲೋ ದಾರಿ ಉದ್ದವಾದಂತೆ, ಒತ್ತಬೇಕೆಂದುಕೊಂಡ ಒಂದು ಗಳಿಗೆಯ ಮೇಲೆ ಬೆರಳು ಒತ್ತುತ್ತಿತ್ತು. ಮೊಂಡ ಎರಡು ಸಲ ಹಳ್ಳಕ್ಕೆ ಜಾರಿದ, ಒಂದು ಸಲ ಬಿಲ್ಲುಗಾರನ ದಾರಿಗೇ ಅಡ್ಡ ನಿಂತ. ಪ್ರತಿ ಸಲವೂ ಮಾವ "ತಪ್ಪಾಯ್ತು ಅಳಿಯಂದ್ರೆ, ಕೈ ಮಾತು ಕೇಳ್ತಿಲ್ಲ" ಎನ್ನುವುದು, ಪ್ರತಿ ಸಲವೂ ಅಳಿಯ "ಬಿಡಿ ಮಾವ, ಪರವಾಗಿಲ್ಲ" ಎನ್ನುವುದು. ಆಮೇಲೆ ಪರವಾಗಿಲ್ಲ ಎಂಬುದೂ ಬಿದ್ದುಹೋಗಿ ಬರೀ "ಬಿಡಿ ಮಾವ" ಉಳಿಯಿತು.

ಸುಮಾರು ನಾಲ್ಕೂವರೆಗೆ ಒಂದು ಮುರುಕು ಹಡಗಿನ ಹೊಟ್ಟೆಯೊಳಗೆ ಇಳಿದರು. ಹಿಂದೆ ಕಬ್ಬಿಣದ ಬಾಗಿಲು ಅರ್ಧ ಮುಚ್ಚಿತು. ಒಳಗೆ ಬೆನ್ನ ಮೇಲೆ ಗಂಟೆ ಹೊತ್ತ ಒಂದು ಏಡಿ, ಮನೆಯಷ್ಟು ದೊಡ್ಡದು. ಇಸ್ತ್ರಿಯಣ್ಣ ಆರು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದ. ಗುರಾಣಿಯ ಗುಂಡಿಯನ್ನು ಅದುಮಿ ಹಿಡಿದು ಬಂಡೆಯಂತೆ ನಿಂತ. ಅದುಮಿರುವ ತನಕ ಮೊಂಡ ಕದಲುವುದಿಲ್ಲ, ಏಟು ತಾಗುವುದಿಲ್ಲ. ಹಳೆಯ ಸೀಮೆಯಲ್ಲಿ ಇದಕ್ಕೆ ಎದುರಿರಲಿಲ್ಲ.

ಏಡಿ ಗುರಾಣಿಗೆ ಹೊಡೆಯಲಿಲ್ಲ. ಇಕ್ಕಳದಂಥ ಮುಂಗಾಲಿನಿಂದ ಗುರಾಣಿಯನ್ನೇ ಕಚ್ಚಿ ಹಿಡಿಯಿತು. ಮೆಲ್ಲಗೆ ಎಳೆಯತೊಡಗಿತು. ಮೊಂಡನ ಜೀವದ ಕೆಂಪು ಗೆರೆ ತಗ್ಗುತ್ತ ಬಂತು. ಹಿಂದೆ ನಿಂತಿದ್ದ ಅಳಿಯನಿಗೆ ಒಡನೆಯೇ ಹೊಳೆಯಿತು, ಇಲ್ಲಿ ಹಿಡಿದವನು ಕೆಟ್ಟ, ಗುಂಡಿ ಬಿಟ್ಟು ಪಕ್ಕಕ್ಕೆ ಉರುಳಬೇಕು. ಆ ಹೊತ್ತಿಗೆ ಸರಿಯಾಗಿ ಮಾವ, ಪರದೆಯಿಂದ ಕಣ್ಣು ತೆಗೆಯದೆ, "ಹೆಬ್ಬೆರಳು ಜೋಮು ಹಿಡೀತು ಅಳಿಯಂದ್ರೆ, ನನ್ನಿಂದ ನಿಮ್ಮ ಆಟಾನೂ ಕೆಡ್ತಿದೆ" ಎಂದ.

"ಬಿಡಿ ಮಾವ," ಎಂದ ಅಳಿಯ. "ಬಿಡಿ ಮಾವ, ಬಿಡಿ, ಬಿಡಿ."

ಎಂಥ ಒಳ್ಳೆಯ ಹುಡುಗ, ಎಷ್ಟು ಸಲ ತಪ್ಪಿದರೂ ಬೇಸರವಿಲ್ಲ ಎಂದುಕೊಂಡ ಇಸ್ತ್ರಿಯಣ್ಣ. ಆ ಒಳ್ಳೆಯತನಕ್ಕಾದರೂ ಈ ಸಲ ಮಾನ ಉಳಿಸಬೇಕೆಂದು ಹಲ್ಲು ಕಚ್ಚಿ ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಅದುಮಿದ. ಗಂಟೆ ಒಮ್ಮೆ ಢಣ್ ಎಂದಿತು. ಕೆಂಪು ಗೆರೆ ಮುಗಿಯಿತು. ಮೊಂಡ ಮೊಣಕಾಲೂರಿ, ಆಮೇಲೆ ಮುಖ ಕೆಳಗಾಗಿ, ಉಪ್ಪಿನಲ್ಲಿ ಮಲಗಿದ.

ಅಳಿಯನ ಬಿಲ್ಲುಗಾರ ಹೇಗೋ ಬಾಗಿಲ ಸಂದಿಯಿಂದ ಪಾರಾದ.

"ನಾನು ಬಿಡಿ ಅಂದೆ ಮಾವ," ಎಂದ ಅಳಿಯ.

"ಹೌದು, ಅಂದ್ರಿ. ಬೇಜಾರಿಲ್ಲ ಬಿಡಿ ಅಂದ್ರಿ ಅಂತ ತಿಳ್ಕೊಂಡೆ."

"ಗುಂಡಿ ಬಿಡಿ ಅಂದಿದ್ದು."

ಇಸ್ತ್ರಿಯಣ್ಣ ತಲೆ ಎತ್ತಿ ಅಳಿಯನನ್ನು ನೋಡಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬಿಡು ಅಂದಿದ್ರೆ ಬಿಡ್ತಿದ್ದೆನಲ್ರೀ. ಮೂವತ್ತು ವರ್ಷದಿಂದ ಅದೊಂದು ಮಾತಿಗೆ ಈ ಕೈ ತಾನಾಗೇ ಬಿಟ್ಕೊಳ್ಳುತ್ತೆ."

"ನಿಮಗೆ ಹಾಗೆ ಹೇಗೆ ಅನ್ನಲಿ ಮಾವ?"

"ಅದೂ ಸರಿ," ಎಂದ ಇಸ್ತ್ರಿಯಣ್ಣ. ಕಂಟ್ರೋಲರನ್ನು ಸ್ಟೂಲಿನ ಮೇಲಿಟ್ಟು, ಅದೇ ಕೋಣೆಯ ಮಂಚದ ಮೇಲೆ ಮೈ ಚಾಚಿ ಕಣ್ಣು ಮುಚ್ಚಿದ.

ಐದೂವರೆಗೆ ಮಗಳು ಬಂದಾಗ ಗಂಡ ನೆಲದ ಮೇಲೆ ಕೂತಿದ್ದ, ಕಣ್ಣು ಕೆಂಪು. ಏನಾಯಿತು ಎಂದು ಕೇಳಿದಳು.

"ಮಾವ ಹೋಗ್ಬಿಟ್ರು ಕಣೇ," ಎಂದ ಅವನು. "ನನ್ನ ಒಂದು ಮಾತಿಂದ ಹೋಗ್ಬಿಟ್ರು."

ಅವಳು ಮಂಚದ ಕಡೆ ತಿರುಗಿದಳು. ಅಪ್ಪ ಬಾಯಿ ತೆರೆದುಕೊಂಡು ಅಂಗಾತ ಬಿದ್ದಿದ್ದ. ಹೆಗಲ ಮೇಲಿದ್ದ ಚೀಲ ಜಾರಿ ಬಿತ್ತು, ಒಳಗಿದ್ದ ಊಟದ ಡಬ್ಬಿ ಉರುಳಿ ಮಂಚದ ಕಾಲಿಗೆ ಬಡಿಯಿತು. ಇಸ್ತ್ರಿಯಣ್ಣ ಒಂದು ಕಣ್ಣು ತೆರೆದ.

"ಹೋಗಿದ್ದು ನಾನಲ್ಲಮ್ಮ. ಮೊಂಡ."

ಮಗಳು ಉರುಳಿದ ಡಬ್ಬಿಯನ್ನು ಹೆಕ್ಕಿಕೊಂಡಳು. ಆಮೇಲೆ ಬೈದಳು ನೋಡಿ, ಇಬ್ಬರಿಗೂ ಪಾಲು ಹಂಚಿ ಬೈದಳು. ಎಂಟು ಗಂಟೆ ಹೊತ್ತು ಟಿಕೆಟ್ ಕಿಟಕಿಯಲ್ಲಿ ಕೂತು ಊರ ಮಂದಿಯ ಹತ್ತಿರ ಬೈಸಿಕೊಂಡು ಬಂದರೆ ಮನೆಯಲ್ಲಿ ಇದೊಂದು ಕಾಟ ಎಂದಳು, ಇಬ್ಬರಿಗೂ ಬುದ್ಧಿ ಬೆಳೆದಿಲ್ಲ ಎಂದಳು. ಬೈದು ಸುಸ್ತಾಗಿ, ಚೀಲ ಎತ್ತಿಕೊಂಡು ಒಲೆಯ ಮೇಲೆ ಟೀ ಇಡಲು ಹೋದವಳು ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದಳು, "ಪಾಪ, ತುಂಬಾ ಬೇಜಾರಾಯ್ತಾ ಅಪ್ಪಾ?"

ಇಸ್ತ್ರಿಯಣ್ಣ ಉತ್ತರ ಹುಡುಕಿದ. ಮಲಗಿದಾಗಿನಿಂದ ಅದನ್ನೇ ಹುಡುಕುತ್ತಿದ್ದ. ಬೇಜಾರು ಬರುತ್ತದೆ, ಬಂದೇ ಬರುತ್ತದೆ ಎಂದು ಕಾದಿದ್ದ. ಬಂದದ್ದು ಬೇರೆ. ಆರು ವರ್ಷ ಒಂದು ತುಂಬಿದ ಕೊಡವನ್ನು ತುಳುಕದಂತೆ ಹೊತ್ತು ನಡೆದವನ ತಲೆಯಿಂದ ಯಾರೋ ಅದನ್ನು ಇಳಿಸಿಕೊಂಡ ಹಾಗೆ, ಕತ್ತು ಹಗುರವಾಗಿತ್ತು. ನಾಳೆಯಿಂದ ಮೊಂಡ ಸಾಯುತ್ತಾನೋ ಎಂದು ಹೆದರಬೇಕಾಗಿಲ್ಲ. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಇದನ್ನು ಮಗಳಿಗೆ ಹೇಗೆ ಹೇಳುವುದು?

"ಸುಸ್ತಾಗಿದೆ ಅಷ್ಟೇ," ಎಂದ.

ಟೀ ಬಂತು. ಅಳಿಯ ಲೋಟ ಮುಟ್ಟಲಿಲ್ಲ. "ನೀವಿಲ್ಲದೆ ನಾನೂ ಆಡಲ್ಲ ಮಾವ. ನನ್ನ ಬಿಲ್ಲುಗಾರನ್ನೂ ಅಳಿಸ್ಬಿಡ್ತೀನಿ," ಎಂದ.

"ಹುಚ್ಚುಚ್ಚಾಗಿ ಮಾತಾಡ್ಬೇಡಿ. ಅವನೇನು ತಪ್ಪು ಮಾಡಿದ? ಎರಡು ವರ್ಷ ಕಾದಿದ್ದೀರಿ. ಆಡಿ, ನಾನು ಕೇಳಿಸ್ಕೊಳ್ತೀನಿ."

"ನೀವು ಹೊಸಬನ್ನ ಮಾಡ್ಕೊಳ್ಳಲ್ವಾ?"

"ನೋಡೋಣ. ಇವತ್ತಲ್ಲ."

ಅಳಿಯ ಒಲ್ಲದ ಮನಸ್ಸಿನಿಂದ ಕಂಟ್ರೋಲರ್ ಎತ್ತಿಕೊಂಡ. ಇಸ್ತ್ರಿಯಣ್ಣ ಗೋಡೆಯ ಕಡೆ ಮಗ್ಗುಲಾಗಿ ಮಲಗಿ, ಸೆಟೆದ ಹೆಬ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡ. ಬೆನ್ನ ಹಿಂದೆ ಒಂಟಿ ಹೆಜ್ಜೆಗಳು ಉಪ್ಪಿನ ಮೇಲೆ ಕರಕರ ನಡೆದವು. ಸ್ವಲ್ಪ ದೂರ ಹೋಗಿ ನಿಂತವು.

"ಮಾವ, ಇಲ್ಲಿ ದಾರಿ ಎರಡಾಗಿದೆ. ಎಡಕ್ಕೆ ಹೋಗ್ಲಾ, ಬಲಕ್ಕಾ?"

ಇಸ್ತ್ರಿಯಣ್ಣ ಎಚ್ಚರವಾಗಿಯೇ ಇದ್ದ. ತಿರುಗಿ ನೋಡಿದ್ದರೆ ಎಡಕ್ಕೆ ಎನ್ನುತ್ತಿದ್ದನೋ ಏನೋ. ತಿರುಗಲಿಲ್ಲ. ಉಸಿರನ್ನು ನಿದ್ದೆಯವನ ಉಸಿರಿನಂತೆ ಉದ್ದ ಮಾಡಿ ಸುಮ್ಮನಿದ್ದ. ಅಳಿಯ ಇನ್ನೂ ಒಂದು ಗಳಿಗೆ ಕಾದ. ಆಮೇಲೆ ಟಿವಿಯ ಸದ್ದು ತಗ್ಗಿತು, ಹೆಜ್ಜೆಗಳು ತಾವಾಗಿಯೇ ಯಾವುದೋ ಒಂದು ಕಡೆಗೆ ಹೊರಟವು.