ಏಳು ದಿನಕ್ಕೆ ಆರು ಮಾತ್ರೆ

ಇವತ್ತು ಬೆಳಿಗ್ಗೆ ಅಂಗಡಿ ತೆಗೆದವನೇ ಮೊದಲ ಬೋಣಿಯನ್ನು ನನಗೆ ನಾನೇ ಮಾಡಿಕೊಂಡೆ. ಮಂಡಿನೋವಿನ ಮಾತ್ರೆ, ದಿನಕ್ಕೊಂದು, ಒಂದು ವಾರಕ್ಕೆ. ಹತ್ತು ಮಾತ್ರೆಯ ಹಾಳೆ ಹಿಡಿದು ಕತ್ತರಿ ಇಟ್ಟೆ. ಏಳಕ್ಕೆ ಕತ್ತರಿಸಬೇಕಾದ ಕೈ ಆರಕ್ಕೇ ನಿಂತಿತು. ನಾಗಮಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಇಷ್ಟು ವರ್ಷ ಮೆಡಿಕಲ್ ಸ್ಟೋರ್ ಇಟ್ಟುಕೊಂಡವನಿಗೆ ಎಣಿಕೆ ತಪ್ಪುವುದುಂಟೇ? ಇದು ಲೂರ್ದಮ್ಮತ್ತೆಯ ಲೆಕ್ಕ.

ಲೂರ್ದಮ್ಮತ್ತೆ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಹೊಣಕೆರೆಯ ಸುತ್ತಮುತ್ತ ನರ್ಸಮ್ಮನಾಗಿ ಕೆಲಸ ಮಾಡಿ, ನಿವೃತ್ತಳಾದ ಮೇಲೆ ನಮ್ಮ ಮನೆಗೆ ಬಂದಳು. ಬಂದಳು ಎನ್ನುವುದಕ್ಕಿಂತ ಮನೆಯನ್ನು ವಹಿಸಿಕೊಂಡಳು ಎಂದರೆ ಸರಿ. ಬೀದಿಯಲ್ಲಿ ಯಾರಾದರೂ ಜ್ವರ ಬಂದೂ ಮಾತ್ರೆ ನುಂಗದೆ ಕೂತಿದ್ದಾರೆಂದು ತಿಳಿದರೆ ಅವರ ಬಾಗಿಲಿಗೇ ಹೋಗಿ ಬೈದು ಬರುತ್ತಿದ್ದಳು. ನನ್ನ ವ್ಯಾಪಾರಕ್ಕೆ ಅವಳಿಗಿಂತ ಒಳ್ಳೆಯ ಜಾಹೀರಾತು ಬೇರೆ ಇರಲಿಲ್ಲ.

ಅಂಥವಳು ತಪಸ್ಸಿನ ಕಾಲ ಬಂತೆಂದರೆ, ಅಂದರೆ ಈಸ್ಟರ್ ಎನ್ನುವ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನ, ತನ್ನ ಮಂಡಿಗೆ ವಾರಕ್ಕೆ ಆರೇ ಮಾತ್ರೆ ಕೇಳುತ್ತಿದ್ದಳು. ಶುಕ್ರವಾರದ್ದು ಬೇಡ. ಡಾಕ್ಟರನ್ನೂ ಹೇಗೋ ಒಪ್ಪಿಸಿದ್ದಳು. ಶುಕ್ರವಾರವೇ ಚರ್ಚಿನಲ್ಲಿ ಶಿಲುಬೆ ಹಾದಿ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತ ಗೋಡೆಯ ಮೇಲಿನ ಹದಿನಾಲ್ಕು ಚಿತ್ರಗಳಿಗೆ ಹದಿನಾಲ್ಕು ಸಲ ಮಂಡಿಯೂರಬೇಕು. ಕೂತು ಪ್ರಾರ್ಥಿಸಿ ಎಂದು ಫಾದರು ಎಷ್ಟು ಹೇಳಿದರೂ ಅತ್ತೆ ಕೇಳಿದವಳಲ್ಲ. ಅವಳು ಬೆಂಚು ಹಿಡಿದು ಏಳುವಾಗ ಆ ಮುಖ ನೋಡಲಾರದೆ ನಾನು ಮೇಲಿನ ಫ್ಯಾನು ನೋಡುತ್ತಿದ್ದೆ.

ನೋವು ಕಳೆಯುವುದನ್ನೇ ಮಾರಿ ಬದುಕುವವನ ಮನೆಯಲ್ಲೇ ಹೀಗಾದರೆ ಹೇಗೆ, ನೀವೇ ಹೇಳಿ. ಒಂದು ಶುಕ್ರವಾರ ಸಹಿಸಲಾಗಲಿಲ್ಲ. ಮಾತ್ರೆಯನ್ನು ಪುಡಿ ಮಾಡಿ ಅವಳ ಉಪವಾಸದ ಗಂಜಿಗೆ ಬೆರೆಸಿದೆ. ಕಹಿ ಗೊತ್ತಾಗದಿರಲೆಂದು ಉಪ್ಪನ್ನು ಧಾರಾಳವಾಗಿ ಹಾಕಿದೆ. ಅಂದು ಅತ್ತೆ ಬೆಂಚು ಹಿಡಿಯದೆ ಎದ್ದಳು. ನಾನು ಫ್ಯಾನು ಬಿಟ್ಟು ಅವಳನ್ನೇ ನೋಡಿ ಸಂತೋಷಪಟ್ಟೆ. ಮನೆಗೆ ಬಂದ ಮೇಲೆ ಅವಳು ನಿಧಾನವಾಗಿ ಹೇಳಿದಳು:

“ಇಷ್ಟು ಬಿರ್ರನೆ ನೋವು ಇಳೀಬೇಕಾದ್ರೆ ಒಂದು ಪವಾಡ ಆಗ್ಬೇಕು, ಇಲ್ಲಾ ನಿನ್ನಂಗಡಿ ಮಾತ್ರೆ ಆಗ್ಬೇಕು. ಪವಾಡಕ್ಕೆ ಅಷ್ಟೊಂದು ಉಪ್ಪು ಬೇಕಾಗಕ್ಕಿಲ್ಲ ಕಣ್ಲಾ.”

ನಗುತ್ತಾಳೆಂದುಕೊಂಡೆ. ಅವಳ ಕಣ್ಣು ತುಂಬಿತ್ತು. ಆಗ ಅವಳೇ ಹೇಳಿ ತಿಳಿಯಿತು, ಅವಳ ಒಂದೊಂದು ಶುಕ್ರವಾರದ ನೋವೂ ಒಬ್ಬೊಬ್ಬರ ಹೆಸರಿನಲ್ಲಿ ದೇವರಿಗೆ ಒಪ್ಪಿಸಿದ್ದು. ಒಂದು ವಾರ ಎದುರು ಮನೆಯ ಬಾಣಂತಿಯದು, ಇನ್ನೊಂದು ತೀರಿಹೋದವರದು. ನಾನು ಹಾಳು ಮಾಡಿದ ಶುಕ್ರವಾರ ಯಾರದೆಂದು ಕೇಳಿದೆ.

“ನಿಂದೇ,” ಎಂದಳು.

ಯಾಕೆಂದು ಕೇಳಬೇಕಾಗಿರಲಿಲ್ಲ. ಎರಡು ವರ್ಷದಿಂದ ನನ್ನ ತಮ್ಮ ಚಿನ್ನಪ್ಪ ನನ್ನ ಮನೆಗೆ ಬಂದಿರಲಿಲ್ಲ. ಅವನ ಮನೆ ಪಾಂಡವಪುರದಲ್ಲಿ, ಕೆಲಸ ಲಾರಿ ಓಡಿಸುವುದು. ಅಪ್ಪ ತೀರಿಕೊಂಡ ದಿನ ಅವನು ಹುಬ್ಬಳ್ಳಿಯ ಆಚೆ ಇದ್ದ. ಸಂಜೆಗೆ ಬರುತ್ತೇನೆ, ಕಾದಿರು ಎಂದು ಫೋನಿನಲ್ಲಿ ಅತ್ತಿದ್ದ. ನೆರೆದವರು ಬಿಸಿಲು ಎಂದರು, ಹೊತ್ತಾಯಿತು ಎಂದರು. ಹಿರಿಯ ಮಗನೆಂಬ ಗತ್ತಿನಲ್ಲಿ ನಾಲ್ಕು ಗಂಟೆಗೇ ಮಣ್ಣು ಮಾಡಿಸಿಬಿಟ್ಟೆ. ಐದೂವರೆಗೆ ಅವನು ಬಂದ. ಹಸಿ ಮಣ್ಣಿನ ಮೇಲೆ ಕೈಯಿಟ್ಟು ಕೂತಿದ್ದವನು ನನ್ನ ಕಡೆ ನೋಡದೆ ಎದ್ದುಹೋದ. ತಪ್ಪು ನನ್ನದೆಂದು ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ನನ್ನಿಂದಾಗಿರಲಿಲ್ಲ.

ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು. ನಿನ್ನ ಮಂಡಿಗೂ ನನ್ನ ನಾಲಿಗೆಗೂ ಏನು ಸಂಬಂಧ ಎಂದು ರೇಗಿದೆ.

“ನಂಗೂ ಗೊತ್ತಿಲ್ಲ ಕಣ್ಲಾ ಮಗ,” ಎಂದಳು ಅತ್ತೆ. “ನೋವು ಎಂಗೂ ಬಂದದೆ. ಯಾರ್ಗೂ ಆಗ್ದಂಗೆ ಸುಮ್ಕೆ ಯಾಕೆ ದಂಡ ಮಾಡ್ಲಿ? ಯೇಸುಸ್ವಾಮಿ ಶಿಲುಬೆ ಹೊತ್ತಿದ್ದೂ ತನಗೋಸ್ಕರ ಅಲ್ವಲ್ಲ.”

ಮುಂದಿನ ಸೋಮವಾರ ಮಾತ್ರೆ ಬಿಟ್ಟು ಅವಳು ಆ ಶುಕ್ರವಾರವನ್ನು ತುಂಬಿಕೊಟ್ಟಳು. ನಾನು ತಪ್ಪಿಸಿದ ನೋವು ಸೋಮವಾರಕ್ಕೆ ಜರುಗಿತು, ಅಷ್ಟೇ. ಗೋಡೆ ಹಿಡಿದು ನಡೆಯುತ್ತಿದ್ದವಳನ್ನು ನೋಡುತ್ತ ನನಗೊಂದು ಮಾತು ಹೊಳೆಯಿತು. ಗಂಜಿಗೆ ಮಾತ್ರೆ ಬೆರೆಸಿದ್ದು ಅವಳ ನೋವಿಗಲ್ಲ, ನೋಡಲಾರದ ನನ್ನ ಸಂಕಟಕ್ಕೆ. ಇಷ್ಟು ಹೊಳೆದ ಮೇಲೆ ಪಾಂಡವಪುರದ ಬಸ್ಸು ಹತ್ತಿದೆನೆಂದು ನೀವು ತಿಳಿದರೆ ನನ್ನನ್ನು ದೊಡ್ಡ ಮನುಷ್ಯ ಮಾಡಿದಂತೆ. ಹತ್ತಲಿಲ್ಲ.

ಮರುವರ್ಷ ಅತ್ತೆ ನಿದ್ದೆಯಲ್ಲೇ ಹೋದಳು. ಚಿನ್ನಪ್ಪ ಮತ್ತೆ ಲಾರಿಯಲ್ಲಿ ದೂರ ಇದ್ದ. ಮತ್ತೆ ಅದೇ ಬಿಸಿಲು, ಅದೇ ಜನ, ಹೊತ್ತಾಯಿತೆಂಬ ಅದೇ ಮಾತು. ಈ ಸಲ ತಮ್ಮ ಬರುವ ತನಕ ಪೆಟ್ಟಿಗೆ ಎತ್ತುವುದಿಲ್ಲ ಎಂದೆ. ಕೆಲವರು ಗೊಣಗಿದರು, ಕೆಲವರು ಎದ್ದುಹೋದರು. ಮೂರು ಗಂಟೆ ಹೊತ್ತು ಬಾಗಿಲಲ್ಲಿ ನಿಂತೆ. ಅವನು ಬಂದವನು ಅಂಗಳದಲ್ಲೇ ನಿಂತ, ಒಳಗೆ ಬರಲಿಲ್ಲ.

“ಕಾಯ್ಕಂಡಿದ್ಯಾ?” ಎಂದ.

“ಊಂ. ಅಪ್ಪಂಗೆ ಕಾಯ್ಲಿಲ್ಲ. ತಪ್ಪಾಯ್ತು ಕಣ್ಲಾ.”

ಅವನು ಒಳಗೆ ಬಂದು ಪೆಟ್ಟಿಗೆಯ ಒಂದು ಕಡೆ ಹಿಡಿದ. ಇನ್ನೊಂದು ಕಡೆ ನಾನು ಹಿಡಿದೆ.

ಇವತ್ತು ತಪಸ್ಸಿನ ಕಾಲದ ಶುಕ್ರವಾರ. ಕತ್ತರಿಸಿದ ಆರು ಮಾತ್ರೆ ನಾಳೆಯಿಂದ ನುಂಗಲೆಂದು ಜೇಬಿಗೆ ಹಾಕಿಕೊಂಡೆ, ಉಳಿದದ್ದನ್ನು ಡಬ್ಬಿಗೆ ಸೇರಿಸಿದೆ. ಮಂಡಿ ಆಗಲೇ ತಕರಾರು ತೆಗೆದಿದೆ. ಹತ್ತು ಗಂಟೆಗೆ ಚಿನ್ನಪ್ಪನಿಗೆ ಕಣ್ಣಿನ ಆಪರೇಷನ್ನು. ಲಾರಿ ಓಡಿಸುವವನಿಗೆ ಕಣ್ಣು ಮಂಜಾದರೆ ಬದುಕೇ ನಿಂತಂತೆ. ಈ ಶುಕ್ರವಾರ ಅವನದು. ನಿನ್ನ ಮಂಡಿಗೂ ಅವನ ಕಣ್ಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ.