ಎರಡು ಇಂಚು ಎಲೆ

“ಆಗುದಿಲ್ಲ ಅಕ್ಕ. ಬೇರೆ ಅಂಗಡಿಗೆ ಹೋಗಿ.”

ಬಂದ ಗಿರಾಕಿಗೆ ಹೀಗೆ ಹೇಳುವ ಅಂಗಡಿಯವರನ್ನು ದೋಹಾದಲ್ಲಿ ನಾನು ಕಂಡದ್ದು ಮೊನ್ನೆ ಗುರುವಾರವೇ ಮೊದಲು. ಇಲ್ಲಿನ ಅಲ್ ಹಿಲಾಲ್ ಬಡಾವಣೆಯಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಸಂಜೀವಣ್ಣ ಕಾಪು ಕಡೆಯವರು. ನಾನು ಕೇಳಿದ್ದಿಷ್ಟೇ: ಚಿತ್ರದ ಮೇಲ್ಭಾಗ ಎರಡು ಇಂಚು ಕತ್ತರಿಸಿ, ರೆಡಿಮೇಡ್ ಫ್ರೇಮಿಗೆ ಕೂರಿಸಿ ಕೊಡಿ. ಸಂಜೆ ನಾಲ್ಕಕ್ಕೆ ನಮ್ಮ ಆಫೀಸಿನ ಲಿಲ್ಲಿಯ ಸೆಂಡಾಫ್. ಕೆಲಸ ಬಿಟ್ಟು ಊರಿಗೆ ಹೊರಟಿದ್ದಳು. (‘ಫ್ಯಾಮಿಲಿ ರೀಸನ್ಸ್’ ಅಂದಿದ್ದಳು. ಗಲ್ಫಿನಲ್ಲಿ ಅದಕ್ಕಿಂತ ಹೆಚ್ಚು ಯಾರು ಕೇಳುತ್ತಾರೆ?)

ಚಿತ್ರ ಅವಳ ಕಂಪ್ಯೂಟರಿನ ವಾಲ್‌ಪೇಪರ್. ನಾನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೆ. ಯುರೋಪಿನ ಬರೋಕ್ ಕಾಲದ್ದು. ಗ್ರೀಕ್ ಪುರಾಣದ ಅಪೋಲೋ ದೇವರು ಡಾಫ್ನೆ ಎಂಬ ಹುಡುಗಿಯನ್ನು ಅಟ್ಟಿಸಿಕೊಂಡು ಬರುತ್ತಾನೆ. ಇನ್ನೇನು ಸಿಕ್ಕಳು ಅನ್ನುವಾಗ ಅವಳು ಮರವಾಗುತ್ತಾಳೆ. ಆ ಕಾಲದ ಚಿತ್ರಕಾರರ ಧೈರ್ಯ ಮೆಚ್ಚಬೇಕು. ಕಥೆಯ ಹಿಂದುಮುಂದು ಬಿಟ್ಟು, ಎದೆ ಡವಡವ ಅನ್ನುವ ಒಂದೇ ಗಳಿಗೆಯನ್ನು ಹಿಡಿಯುತ್ತಾರೆ. ಸುತ್ತ ಕತ್ತಲೆ, ಅವಳ ಮುಖದ ಮೇಲೆ ಬೆಳಕು. ಎಂಥ ಕೈ ಸ್ವಾಮಿ ಅದು.

ಸಂಜೀವಣ್ಣನಿಗೆ ಇದ್ಯಾವುದೂ ಗೊತ್ತಿಲ್ಲ. “ಬಿಲ್ಲು ಉಂಟು, ಆದ್ರೆ ಇವ ರಾಮ ಅಲ್ಲ. ರಾಮ ಹೆಣ್ಮಕ್ಕಳನ್ನು ಅಟ್ಟಿಸ್ಕೊಂಡು ಹೋಗುದಿಲ್ಲ. ಇಂದ್ರನಾ?” ಅಂದರು.

“ಯಾರಾದ್ರೆ ಏನು ಸಂಜೀವಣ್ಣ? ಟೈಮಿಲ್ಲ. ಯಲ್ಲಾ, ಬೇಗ ಕತ್ತರಿಸಿ. ಮೇಲೆ ಬರೀ ಎಲೆ ತಾನೇ?”

ಅವರು ಚಿತ್ರವನ್ನು ನನ್ನ ಕಡೆ ತಿರುಗಿಸಿದರು. “ಸರೀ ನೋಡಿ ಅಕ್ಕ. ಎಲೆ ಬಂದದ್ದು ಅವಳ ಬೆರಳಿಂದ. ಅದನ್ನು ಕತ್ತರಿಸಿದ್ರೆ ಅವಳು ಮರ ಆಗ್ಲೇ ಇಲ್ಲ. ಇವನ ಕೈಗೆ ಸಿಕ್ಕಿಬಿದ್ಲು, ಖಲಾಸ್.”

“ಹಾಗಾದ್ರೆ ಪೂರ್ತಿ ಚಿತ್ರಕ್ಕೇ ಫ್ರೇಮ್ ಹಾಕಿ” ಅಂದೆ. ನಾಚಿಕೆಯೂ ಆಯಿತು.

ಅದು ದೋಹಾದ ಅಂಗಡಿಗಳೆಲ್ಲ ಬಾಗಿಲೆಳೆದು ಮಲಗುವ ಮಧ್ಯಾಹ್ನದ ಹೊತ್ತು. ಸಂಜೀವಣ್ಣ ಊಟ, ನಿದ್ದೆ ಬಿಟ್ಟು ಮರದ ಪಟ್ಟಿ ಕೊಯ್ದು ಹೊಸ ಫ್ರೇಮ್ ಕಟ್ಟಿದರು. ಮೂರೂಮುಕ್ಕಾಲಿಗೆ ನನ್ನ ಕೈಗಿಟ್ಟರು. ಒಂದು ಎಲೆಯೂ ಹೋಗಿರಲಿಲ್ಲ. ಬರೋಕ್ ಎಂಬ ಪದವನ್ನೇ ಕೇಳದ ಮನುಷ್ಯ. ಕಲಾವಿಮರ್ಶಕ ಅಂದರೆ ಇವರೇ ಅಂತ ನಾನು ಕಾರಿನಲ್ಲಿ ಒಬ್ಬಳೇ ಗೊಣಗಿಕೊಂಡೆ.

ಸೆಂಡಾಫಿನಲ್ಲಿ ಪೇಪರ್ ಬಿಚ್ಚಿದ ಲಿಲ್ಲಿ ಗಾಜಿನ ಮೇಲೆ ಮೊದಲು ಬೆರಳಿಟ್ಟದ್ದು ಆ ಎಲೆಗಳ ಮೇಲೆ. ಕೇಕು, ಫೋಟೋ ಎಲ್ಲ ಮುಗಿದ ಮೇಲೆ ನನ್ನನ್ನು ಪ್ಯಾಂಟ್ರಿಗೆ ಕರೆದಳು.

“ಫ್ಯಾಮಿಲಿ ರೀಸನ್ ಎಂತದೂ ಇಲ್ಲ ಮಾರಾಯ್ತಿ. ಮ್ಯಾನೇಜರನ ಕಾಟ. ಎರಡು ವರ್ಷ ತಡ್ಕೊಂಡೆ. ದಿನಾ ಬೆಳಿಗ್ಗೆ ಈ ಡಾಫ್ನೆಯ ಮುಖ ನೋಡಿಯೇ ಕೆಲಸ ಶುರು ಮಾಡ್ತಿದ್ದದ್ದು.”

(ಅವಳ ಹೆಸರು ಬದಲಿಸಿದ್ದೇನೆ. ಬರೆ ಅಂದವಳು ಅವಳೇ.)

ಸಂಜೀವಣ್ಣನಿಗೆ ಐದು ನಿಮಿಷದಲ್ಲಿ ಕಂಡದ್ದು, ಎರಡು ವರ್ಷ ಪಕ್ಕದ ಟೇಬಲಿನಲ್ಲೇ ಕೂತಿದ್ದ ನನಗೆ ಯಾಕೆ ಕಾಣಲಿಲ್ಲ?