ನಮ್ಮ ಲೈಸೆನ್ಸ್ ಮೇಡಂ

ಹೋದ ತಿಂಗಳು ನಿಟ್ಟೂರಿನಿಂದ ತುಮಕೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಗುಬ್ಬಿಯಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತು, ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಹಣೆಗೆ ತಲೆನೋವಿನ ಮುಲಾಮು ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಲೈಸೆನ್ಸ್ ಮೇಡಂ ನೆನಪಾದರು. ಎಷ್ಟು ದಿನವಾಯಿತು ಅವರ ದನಿ ಕೇಳಿ... ಇವತ್ತು ಫೋನ್ ಮಾಡಲೇಬೇಕು ಅಂದುಕೊಂಡೆ.

ಡಿಪ್ಲೊಮಾ ಮುಗಿಸಿ ನಾನು ಮೊದಲು ಸೇರಿದ್ದು ತುಮಕೂರಿನ ಹೊರವಲಯದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಕಂಪನಿಗೆ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕೆಲಸ. ಡಿಸೈನ್ ವಿಭಾಗದ ಪಕ್ಕದಲ್ಲೇ ಸರ್ವರ್ ಇಟ್ಟಿದ್ದ ಕೋಣೆ, ಅದಕ್ಕೆ ಅಂಟಿಕೊಂಡಂತೆ ಮೇಡಂ ಕೂರುತ್ತಿದ್ದ ಗಾಜಿನ ಗೂಡು. ಮಿಷನ್ನಿಗೆಂದು ಹಾಕಿದ್ದ ಎಸಿ ಇವರ ತಲೆಯ ಮೇಲೂ ಸುರಿಯುತ್ತಿತ್ತು. ಬೇಸಿಗೆಯಲ್ಲೂ ಶಾಲು ಹೊದ್ದು, ಹಣೆಗೆ ಮುಲಾಮು ಹಚ್ಚಿಕೊಂಡು ಕೂತಿರುತ್ತಿದ್ದರು. ಹುಲಿಯೂರುದುರ್ಗದವರು. ಮದುವೆಯಾಗಿರಲಿಲ್ಲ. ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು.

ಅವರ ಕೆಲಸ ಏನು ಅಂತ ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ನಾವು ಬಳಸುವ ಸಾಫ್ಟ್‌ವೇರ್ ಯಾವುದೂ ಕಂಪನಿಯ ಸ್ವಂತದ್ದಲ್ಲ. ಇಷ್ಟು ಜನ ಬಳಸುತ್ತಾರೆ ಅಂತ ಹೇಳಿ ಅಷ್ಟಕ್ಕೆ ಲೈಸೆನ್ಸ್ ಕೊಳ್ಳಬೇಕು, ವರ್ಷಾವರ್ಷ ನವೀಕರಿಸಬೇಕು. ಒಬ್ಬರ ಪಾಲಿನ ಲೈಸೆನ್ಸಿಗೆ ಸೀಟು ಅನ್ನುತ್ತಿದ್ದರು. ಕೆಲಸ ಬಿಟ್ಟವರ ಸೀಟು ಕಿತ್ತು ಬಂದವರಿಗೆ ಕೊಡುವುದು, ಬಳಸದೆ ಇಟ್ಟುಕೊಂಡವರಿಂದ ವಾಪಸ್ ಪಡೆಯುವುದು ಮೇಡಂ ಕೆಲಸ. ಕೊಟ್ಟದ್ದನ್ನು ಯಾರೂ ನೆನೆಯುತ್ತಿರಲಿಲ್ಲ, ಕಿತ್ತುಕೊಂಡದ್ದನ್ನು ಯಾರೂ ಮರೆಯುತ್ತಿರಲಿಲ್ಲ. ಹಿಂದಿನಿಂದ ಅವರನ್ನು ಎಲ್ಲರೂ ಆರ್‌ಟಿಓ ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಅವರನ್ನು ಹಾಗೆ ಕರೆಯದಿದ್ದವರು ಒಬ್ಬರೇ, ನಮ್ಮ ವಿಭಾಗದ ಮುಖ್ಯಸ್ಥರು. ನಾವೆಲ್ಲ ಅವರನ್ನು ಡಿಸೈನ್ ಸರ್ ಅನ್ನುತ್ತಿದ್ದೆವು. ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರು, ದೊಡ್ಡ ಗಂಟಲಿನ ಮನುಷ್ಯ. ಮಧ್ಯಾಹ್ನ ಕ್ಯಾಂಟೀನಿನ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಇಬ್ಬರೂ ಎದುರುಬದುರು ಕೂತು ಊಟ ಮಾಡುತ್ತಿದ್ದರು. ಸರ್ ಮನೆಯ ಹುರುಳಿಕಾಳಿನ ಬಸ್ಸಾರು ಮೇಡಂ ಡಬ್ಬಿಗೆ, ಮೇಡಂ ಮಾಡಿದ ಚಿತ್ರಾನ್ನ ಸರ್ ಡಬ್ಬಿಗೆ. ಮೇಡಂ ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಆ ಟೇಬಲ್ಲಿನಲ್ಲಿ ಮಾತ್ರ.

ಕಂಪನಿ ಬೆಳೆಯುತ್ತಿತ್ತು. ಆರ್ಡರ್ ಹೆಚ್ಚಾಗಿ ಡಿಸೈನ್ ವಿಭಾಗಕ್ಕೆ ಹೊಸಬರು ಬಂದರು. ಆದರೆ ಅವರಿಗೆ ಸೀಟು ಬರಲಿಲ್ಲ. ಸರ್ ಕೇಳಿದಾಗಲೆಲ್ಲ ಮೇಡಂ ಮಾಲೀಕರ ಬಳಿ ಹೋಗುತ್ತಿದ್ದರು. ಮುಂದಿನ ವರ್ಷ ನೋಡೋಣ ಅನ್ನುವ ಉತ್ತರ ತಂದು ಸರ್‌ಗೆ ಹೇಳುತ್ತಿದ್ದರು. ಕೊನೆಗೆ ಸರ್, ಯಾರಿಗೂ ಹೇಳದೆ, ಎಲ್ಲಿಂದಲೋ ತಂದ ಕಳ್ಳ ಕಾಪಿಗಳನ್ನು ಹೊಸಬರ ಕಂಪ್ಯೂಟರುಗಳಿಗೆ ಹಾಕಿಸಿಬಿಟ್ಟರು.

ಆಮೇಲೆ ಒಂದು ದಿನ ಆ ಸಾಫ್ಟ್‌ವೇರ್ ಕಂಪನಿಯಿಂದ ನೋಟಿಸ್ ಬಂತು. ನಿಮ್ಮಲ್ಲಿ ಎಷ್ಟು ಕಾಪಿ ಬಳಕೆಯಲ್ಲಿದೆ, ಪರಿಶೀಲಿಸಿ ಸಹಿ ಹಾಕಿ ಕಳಿಸಿ, ಬೇಕಾದರೆ ನಾವೇ ಬಂದು ನೋಡುತ್ತೇವೆ ಅಂತ. ಮೇಡಂ ಒಂದೊಂದೇ ಕಂಪ್ಯೂಟರ್ ನೋಡುತ್ತ ಬಂದರು. ನನ್ನ ಪಕ್ಕದ ಹೊಸ ಹುಡುಗಿಯ ಕಂಪ್ಯೂಟರಿನ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಸರ್ ಟೇಬಲ್ಲಿಗೆ ಹೋದರು.

"ಒಂದು ಸೈನು ಮೇಡಂ," ಅಂದರು ಸರ್. ಅಷ್ಟು ಸಣ್ಣ ದನಿ ಅವರಿಂದ ನಾವು ಕೇಳಿರಲಿಲ್ಲ. "ನಾನು ಎಲ್ಲ ಅಳಿಸಿ ಹಾಕ್ತೀನಿ. ನಿಮಗೇನೂ ಗೊತ್ತಿರ್ಲಿಲ್ಲ ಅಂತ ಇರ್ಲಿ ಬುಡಿ."

"ಈಗ ಗೊತ್ತಾಯ್ತಲ್ಲ ಸರ್."

"ನನ್ನ ಮಕ್ಳಿನ್ನೂ ಓದ್ತಾ ಅವ್ರೆ."

"ಅದಕ್ಕೇ ಹೇಳ್ತಿರೋದು. ಸುಳ್ಳು ಬರ್ಕೊಟ್ಟು ಸಿಕ್ಕಾಕೊಂಡ್ರೆ ಕಂಪನಿನೇ ಕೋರ್ಟಿಗೆ ಹೋಗತ್ತೆ. ಇಲ್ಲಿರೋರೆಲ್ಲರ ಮಕ್ಳೂ ಓದ್ತಾ ಇದಾರೆ ಸರ್."

ಸರ್ ಎದ್ದು ನಿಂತರು. "ಇಷ್ಟು ವರ್ಷ ಜೊತೇಲಿ ಕೂತು ಉಂಡಿದ್ದು ದಂಡ ಆಯ್ತು," ಅಂದು ಹೊರಗೆ ನಡೆದರು.

ಮೇಡಂ ನೇರ ಮಾಲೀಕರ ಕೋಣೆಗೆ ಹೋದರು. ಯಾರು ಯಾವ ಡ್ರಾಯಿಂಗ್ ಬಳಸುತ್ತಾರೆ ಅಂತ ವಿವರಿಸಲು ನನ್ನನ್ನೂ ಕರೆದುಕೊಂಡರು. ವಿಷಯ ಕೇಳಿ ಮಾಲೀಕರು ಕೆಂಡವಾದರು. "ಅವನನ್ನ ಇವತ್ತೇ ಮನೆಗೆ ಕಳಿಸ್ತೀನಿ," ಅಂದರು.

"ಸೀಟು ಬೇಕು ಅಂತ ಅವರು ಕೇಳ್ದಾಗೆಲ್ಲ ನಾನು ನಿಮ್ಮತ್ರ ಬಂದಿದೀನಿ ಸರ್. ಜನಾನ ಸೇರಿಸ್ಕೊಂಡ್ರಿ, ಸೀಟು ಕೊಡ್ಲಿಲ್ಲ. ಅವರು ಗೋಡೆ ಮೇಲೆ ಡ್ರಾಯಿಂಗ್ ಮಾಡ್ಬೇಕಿತ್ತಾ? ಅವರನ್ನ ಕಳಿಸೋದಾದ್ರೆ ನನ್ನೂ ಕಳಿಸ್ಬಿಡಿ," ಅಂದರು ಮೇಡಂ. ಎರಡೂ ಕೈ ಶಾಲಿನೊಳಗೆ ಬಚ್ಚಿಟ್ಟುಕೊಂಡಿದ್ದರು.

ಮಾಲೀಕರು ತಣ್ಣಗಾಗಲು ಸಮಯ ಹಿಡಿಯಿತು. ಮೇಡಂ ಆ ಸಾಫ್ಟ್‌ವೇರ್ ಕಂಪನಿಗೆ ಇದ್ದದ್ದನ್ನು ಇದ್ದಹಾಗೆ ತಿಳಿಸಿದರು. ವಾರಗಟ್ಟಲೆ ಅವರೊಂದಿಗೆ ಚೌಕಾಸಿ ನಡೆಸಿದರು. ಬಿಡಿಭಾಗ ತಯಾರಾಗುವ ಶೆಡ್ಡಿನ ಸೂಪರ್‌ವೈಸರ್‌ಗಳು ಡ್ರಾಯಿಂಗ್ ತೆರೆದು ನೋಡುತ್ತಾರೆ ಅಷ್ಟೇ, ತಿದ್ದುವುದಿಲ್ಲ. ಅವರಿಗೆ ಬರೀ ನೋಡುವ ಪುಕ್ಕಟೆ ಸಾಫ್ಟ್‌ವೇರ್ ಸಾಕು ಅಂತ, ಅವರ ಸೀಟುಗಳನ್ನೆಲ್ಲ ನಮ್ಮ ಹೊಸಬರಿಗೆ ತಿರುಗಿಸಿದರು. ಉಳಿದಷ್ಟನ್ನು ಮಾತ್ರ ಕಂಪನಿ ಕೊಂಡಿತು. ಕೇಸಾಗಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಸೂಪರ್‌ವೈಸರ್‌ಗಳು ಮಾತ್ರ, ಆರ್‌ಟಿಓ ನಮ್ಮ ಗಾಡಿ ಸೀಜ್ ಮಾಡಿದ್ರು ಅಂತ ಸಿಡಿಮಿಡಿಗುಟ್ಟಿದರು.

ಸರ್ ಮತ್ತೆ ಮೇಡಂ ಜೊತೆ ಮಾತಾಡಲಿಲ್ಲ. ತಮ್ಮ ಊಟದ ಡಬ್ಬಿಯನ್ನು ನಮ್ಮ ಟೇಬಲ್ಲಿಗೆ ತಂದರು. ಮಾಲೀಕರ ಕೋಣೆಯಲ್ಲಿ ನಡೆದದ್ದನ್ನು ಸರ್‌ಗೆ ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬರುತ್ತಿತ್ತು. ಆದರೆ ಮೇಡಂ ಅವತ್ತೇ ನನ್ನಿಂದ ಭಾಷೆ ತೆಗೆದುಕೊಂಡಿದ್ದರು, ಹೇಳಬಾರದು ಅಂತ. ಒಂದೆರಡು ಸಲ ನಾನೇ ನನ್ನ ಡಬ್ಬಿ ಹಿಡಿದು ಕಿಟಕಿ ಪಕ್ಕಕ್ಕೆ ಹೋದೆ.

"ಬೇಡಮ್ಮ, ನೀನು ಅವರ ಕೈಕೆಳಗೆ ಕೆಲಸ ಮಾಡೋಳು. ಅಲ್ಲೇ ಕೂತ್ಕೊ ಹೋಗು," ಅಂದರು. ಅಂದು, ಕಿಟಕಿಯ ಕಡೆ ತಿರುಗಿ ಊಟ ಮುಂದುವರಿಸಿದರು.

ಹಾಗೇ ವರ್ಷಗಳು ಹೋದವು. ಇಬ್ಬರ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ, ಅಷ್ಟೇ...

ಒಂದು ಸೋಮವಾರ ಸರ್ ಬರಲಿಲ್ಲ. ಕುಣಿಗಲ್‌ನಲ್ಲಿ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರಂತೆ. ನಾವೆಲ್ಲ ವ್ಯಾನಿನಲ್ಲಿ ಅವರ ಮನೆಗೆ ಹೋದೆವು. ಮೇಡಂ ತಾವೊಬ್ಬರೇ ಬಸ್ಸಿನಲ್ಲಿ ಬಂದರು. ಬಾಗಿಲ ಹತ್ತಿರ ಹೆಂಗಸರ ಹಿಂದೆ ನಿಂತಿದ್ದು, ಯಾರಿಗೂ ಮುಖ ತೋರಿಸದೆ ಹೊರಟುಹೋದರು.

ಮರುದಿನ ಕಚೇರಿಯ ಮಾಮೂಲಿನಂತೆ ಮೇಡಂಗೆ ಮೇಲ್ ಬಂತು, ಸರ್ ಹೆಸರಿನ ಖಾತೆ ಮುಚ್ಚಿ, ಸೀಟು ಖಾಲಿ ಮಾಡಿ ಅಂತ. ನಾನು ಏನೋ ಕೇಳಲು ಅವರ ಗೂಡಿಗೆ ಹೋಗಿದ್ದೆ. ಮೇಡಂ ಆ ಕೆಲಸ ಮುಗಿಸಿ, ಕೀಬೋರ್ಡ್ ಆಚೆ ತಳ್ಳಿ ಕೂತಿದ್ದರು.

"ನಿಮ್ಮಿಂದ್ಲೇ ಅವರ ಕೆಲಸ ಉಳೀತು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಮೇಡಂ," ಅಂದೆ.

"ಹೇಳಿದ್ರೆ ಋಣಕ್ಕೆ ಮಾತಾಡ್ತಿದ್ರು ಕಣಮ್ಮ. ಅವರಾಗೇ ಬಂದು ಮಾತಾಡ್ತಾರೆ ಅಂತ ಇದ್ದೆ." ಇಷ್ಟು ಹೇಳಿ ಶಾಲು ತಲೆ ಮೇಲೆ ಎಳೆದುಕೊಂಡರು. ಅಳುತ್ತಿದ್ದರೋ ಏನೋ, ನನಗೆ ಕಾಣಲಿಲ್ಲ.

ಅವರು ನಿವೃತ್ತಿಯಾಗಿ ಹುಲಿಯೂರುದುರ್ಗಕ್ಕೆ, ತಮ್ಮನ ಮನೆಗೆ ಹೋದರು. ನಾನು ಬೇರೆ ಕಂಪನಿ ಸೇರಿದೆ. ಫೋನು ಹಬ್ಬಕ್ಕೊಂದಾಯಿತು, ಆಮೇಲೆ ಅದೂ ಇಲ್ಲವಾಯಿತು.

ಆ ದಿನ ಬಸ್ಸಿಳಿದು ಫೋನ್ ಮಾಡಿದೆ. ಎತ್ತಿದ್ದು ಅವರ ತಮ್ಮನ ಹೆಂಡತಿ. ಮೇಡಂ ತೀರಿಕೊಂಡು ಆಗಲೇ ಕೆಲವು ತಿಂಗಳಾಗಿತ್ತು.

ಮುಂದಿನ ಭಾನುವಾರ ಕುಣಿಗಲ್ ಮೇಲೆ ಹುಲಿಯೂರುದುರ್ಗಕ್ಕೆ ಹೋದೆ. ತಮ್ಮನ ಹೆಂಡತಿ ಕಾಫಿ ಕೊಟ್ಟು ಎದುರಿಗೆ ಕೂತರು.

"ಆಫೀಸಿನೋರು ಯಾರೂ ಬರ್ಲಿಲ್ವಲ್ಲ ಅಂತ ನಮ್ಮನೆಯವರು ಬೇಜಾರು ಮಾಡ್ಕೊಂಡಿದ್ರು. ಕುಣಿಗಲ್‌ನಿಂದ ಬರೋ ಸರ್ ಒಬ್ರು ಇದ್ರಂತಲ್ಲ, ಇವತ್ತು ಅವರ ಮನೆ ಬಸ್ಸಾರು ತಂದಿದ್ರು, ನಾಳೆ ನಾನು ಚಿತ್ರಾನ್ನ ಒಯ್ಬೇಕು ಅಂತ, ಫೋನ್ ಮಾಡ್ದಾಗೆಲ್ಲ ಹೇಳೋರು ಅತ್ತಿಗೆ. ರಿಟೈರ್ ಆಗೋವರ್ಗೂ ದಿನಾ ಜೊತೇಲೇ ಊಟ ಮಾಡ್ತಿದ್ರಂತೆ. ಹೌದಾ?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ಹೌದಮ್ಮ," ಅಂದೆ. "ದಿನಾ ಜೊತೇಲೇ."